ಪರದೆಯ ಪುಟಕ್ಕೂ ತೂಕವಿದೆ



ಒಂದು ಕಿಲೊ ಸಕ್ಕರೆ ಕೊಪ್ಪದ ಅಂಗಡಿಯಲ್ಲಿ ತೂಗಿದರೂ ಒಂದೇ ಕಿಲೊ, ಬೆಂಗಳೂರಿನ ಅಂಗಡಿಯಲ್ಲಿ ತೂಗಿದರೂ ಒಂದೇ ಕಿಲೊ. ಮೊಬೈಲಿನಲ್ಲಿ ನೀವು ತೆರೆಯುವ ಪುಟದ ಸಂಗತಿ ಹಾಗಲ್ಲ. ಬೆಂಗಳೂರಿನಲ್ಲಿ ಹಗುರವಾಗಿದ್ದ ಪುಟವೇ ಶೃಂಗೇರಿ ದಾಟಿ ಕೆರೆಕಟ್ಟೆಯ ಕಾಡಿನತ್ತ ಬಂದಾಗ ಭಾರವಾಗುತ್ತದೆ. ಇದನ್ನು ಅಲಂಕಾರದ ಮಾತೆಂದು ತಿಳಿಯಬೇಡಿ, ನೀವು ಓದುವ ಭೌತಶಾಸ್ತ್ರದ ಪಾಠದೊಳಗಿನ ವಿಷಯವೇ ಇದು.

ಟವರಿಗೂ ನಿಮ್ಮ ಫೋನಿಗೂ ನಡುವೆ ನಡೆಯುವುದು ರೇಡಿಯೋ ಅಲೆಗಳ ವ್ಯವಹಾರ. ಟವರ್ ಹತ್ತಿರವಿದ್ದರೆ ಫೋನು ಒಂದು ಮಿಲಿವ್ಯಾಟಿಗಿಂತ ಕಡಿಮೆ ಶಕ್ತಿಯಲ್ಲಿ ಪಿಸುಗುಟ್ಟಿದರೂ ಸಾಕು, ಟವರಿಗೆ ಕೇಳಿಸುತ್ತದೆ. ಗುಡ್ಡ ಅಡ್ಡ ಬಂದಾಗ, ಮಳೆಯಲ್ಲಿ ತೊಯ್ದ ದಟ್ಟ ಎಲೆಗಳು ಅಲೆಗಳನ್ನು ಹೀರಿಕೊಂಡಾಗ, ಅದೇ ಫೋನು ಕೂಗಿ ಹೇಳಬೇಕಾಗುತ್ತದೆ. 4ಜಿ ಫೋನಿನ ಕೂಗಿನ ಗರಿಷ್ಠ ಮಿತಿ ಸುಮಾರು 200 ಮಿಲಿವ್ಯಾಟು. ಇತ್ತ ಟವರು ಕೂಡ ಸಂಪರ್ಕ ಕ್ಷೀಣವಾಗಿದ್ದಾಗ ಮಾಹಿತಿಯನ್ನು ಸಣ್ಣ ಸಣ್ಣ ತುತ್ತುಗಳಾಗಿ ಕಳಿಸುತ್ತದೆ. ತಲುಪದ ತುತ್ತನ್ನು ಮತ್ತೆ ಮತ್ತೆ ಕಳಿಸುತ್ತದೆ. ಎರಡು ಸೆಕೆಂಡಿನ ಕೆಲಸ ಅರ್ಧ ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ರೇಡಿಯೋ ಎಚ್ಚರವಾಗಿರುತ್ತದೆ, ಪರದೆ ಬೆಳಗುತ್ತಿರುತ್ತದೆ. ‘ಈ ಊರಲ್ಲಿ ಒಂದು ಕಡ್ಡಿ ಸಿಗ್ನಲ್, ಚಾರ್ಜು ನಿಲ್ಲುವುದೇ ಇಲ್ಲ’ ಎಂದು ಮನೆಯಲ್ಲಿ ಹೇಳುತ್ತಾರಲ್ಲ, ಅದಕ್ಕೆ ಕಾರಣ ಇದೇ.

ಇದರ ಮೇಲೆ ಮಳೆಗಾಲ ಬೇರೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆ ನಿಮ್ಮ ತಾಲ್ಲೂಕುಗಳನ್ನೇನೂ ಬಿಡುವುದಿಲ್ಲ. ತಂತಿಯ ಮೇಲೆ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ. ಟವರು ಮೊದಲು ಬ್ಯಾಟರಿಯ ಮೇಲೆ, ಆಮೇಲೆ ಜನರೇಟರ್ ಇದ್ದ ಕಡೆ ಡೀಸೆಲಿನ ಮೇಲೆ ಉಸಿರಾಡುತ್ತದೆ. ಅದೂ ಮುಗಿದರೆ ಮೌನ.

ಈಗ ಒಂದು ಪ್ರಶ್ನೆ. ಪುಟವನ್ನು, ಆ್ಯಪನ್ನು, ವೀಡಿಯೋವನ್ನು ವಿನ್ಯಾಸ ಮಾಡುವವರು ಎಲ್ಲಿ ಕುಳಿತಿರುತ್ತಾರೆ? ಬಹುಮಟ್ಟಿಗೆ ನಗರದಲ್ಲಿ, ಹೊಸ ಫೋನು ಹಿಡಿದು, ವೇಗದ ಸಂಪರ್ಕದ ಬಳಿ. ತಮ್ಮ ಕೈಯ ಸರಕಿನ ತೂಕ ಅವರಿಗೆ ಅಲ್ಲಿ ಗೊತ್ತಾಗುವುದೇ ಇಲ್ಲ. ನಿಮ್ಮಲ್ಲಿ ಹಲವರು ನಾಳೆ ಅದೇ ಕೆಲಸಕ್ಕೆ ಹೋಗುವವರು. ಆದ್ದರಿಂದಲೇ ಈ ಮಾತನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ವಿದ್ಯುತ್ತು ಎಲ್ಲಿಂದಲೋ ತಾನಾಗಿ ಬರುವುದಿಲ್ಲ ಎಂಬುದನ್ನು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ನರಸಿಂಹರಾಜಪುರದವರು ಭದ್ರಾ ಹಿನ್ನೀರನ್ನು ದಿನವೂ ನೋಡುತ್ತಾರೆ. ಲಕ್ಕವಳ್ಳಿಯ ಬಳಿಯ ಆ ಅಣೆಕಟ್ಟನ್ನು ಕಟ್ಟಿದ್ದು ಮುಖ್ಯವಾಗಿ ನೀರಾವರಿಗೆ, ಜೊತೆಗೆ ವಿದ್ಯುತ್ತಿಗೆ. ಶರಾವತಿಯ ಲಿಂಗನಮಕ್ಕಿಯನ್ನು ಕಟ್ಟಿದ್ದಂತೂ ವಿದ್ಯುತ್ತಿಗಾಗಿಯೇ. ಎರಡು ಕಡೆಯೂ ನೀರಿನಡಿ ಮನೆಗಳಿವೆ, ಗದ್ದೆ ತೋಟಗಳಿವೆ. ಇಂದು ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 0.7 ಕಿಲೊ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಪುಟಗಳನ್ನೂ ಚಿತ್ರಗಳನ್ನೂ ಕಾದಿರಿಸುವ ದತ್ತಾಂಶ ಕೇಂದ್ರಗಳು 2024ರಲ್ಲಿ ಪ್ರಪಂಚದಾದ್ಯಂತ ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್ಟು. ಒಟ್ಟು ವಿದ್ಯುತ್ ಬಳಕೆಯ ಶೇಕಡಾ ಒಂದೂವರೆಯಷ್ಟು ಎಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜು ಮಾಡಿದೆ. ಇದು ಏರುತ್ತಿರುವ ಅಂಕಿ.

ಇಲ್ಲಿ ಉತ್ಪ್ರೇಕ್ಷೆಗೆ ಇಳಿಯಬಾರದು. ‘ನೀವು ಒಂದು ಚಿತ್ರ ಕಳಿಸದಿದ್ದರೆ ಇಷ್ಟು ಗ್ರಾಂ ಇಂಗಾಲ ಉಳಿಯಿತು’ ಎಂದು ಖಚಿತವಾಗಿ ಹೇಳುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಟವರು, ಕೇಬಲ್ಲು, ಯಂತ್ರಗಳು ಖಾಲಿ ಇದ್ದಾಗಲೂ ಸಾಕಷ್ಟು ವಿದ್ಯುತ್ತನ್ನು ನುಂಗುತ್ತವೆ. ಖಾಲಿ ಬಸ್ಸಿಗೆ ಒಬ್ಬ ಪ್ರಯಾಣಿಕ ಹತ್ತಿದರೆ ಡೀಸೆಲ್ಲು ಎಷ್ಟು ಹೆಚ್ಚು ಬೇಕು? ಆದರೆ ಪ್ರಯಾಣಿಕರು ಹೆಚ್ಚುತ್ತಲೇ ಹೋದರೆ ಇನ್ನೊಂದು ಬಸ್ಸು ಬಿಡಬೇಕಾಗುತ್ತದೆ. ಹಗುರವಾದ ವಿನ್ಯಾಸದ ನಿಜವಾದ ಲಾಭವನ್ನು ಬೇರೆ ಎರಡು ಕಡೆ ಹುಡುಕಬೇಕು. ಅದಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ನಮ್ಮ ಕನ್ನಡದ್ದೇ ಆದ ಒಂದು ಸಂಗತಿ. ಗಣಕದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಇಂದು ಸಾಮಾನ್ಯವಾಗಿ 3 ಬೈಟ್ ಜಾಗ ಹಿಡಿಯುತ್ತದೆ. ‘ಕೊಪ್ಪ’ ಎಂಬುದನ್ನು ಬಿಡಿಸಿ ನೋಡಿ: ಕ, ಒಕಾರದ ಚಿಹ್ನೆ, ಪ, ಒತ್ತು ತರುವ ಚಿಹ್ನೆ, ಮತ್ತೆ ಪ. ಐದು ಸಂಕೇತ, 15 ಬೈಟ್. ‘ಶೃಂಗೇರಿ’ಗೆ 21, ‘ನರಸಿಂಹರಾಜಪುರ’ಕ್ಕೆ 36. ಮೂರು ಊರೂ ಸೇರಿ 72. ಇಂಗ್ಲಿಷ್ ಲಿಪಿಯಲ್ಲಾದರೆ 30 ಸಾಕು. ಕನ್ನಡ ದುಬಾರಿ ಎಂದು ಗಾಬರಿಯಾಗಬೇಡಿ. ಇವು ಬೈಟುಗಳು, ಲೆಕ್ಕಕ್ಕೇ ಇಲ್ಲದಷ್ಟು ಸಣ್ಣವು. ನಿಜವಾಗಿ ದುಬಾರಿಯಾದದ್ದು ಕನ್ನಡವನ್ನು ಚಿತ್ರ ಮಾಡಿ ಕಳಿಸುವ ನಮ್ಮ ಅಭ್ಯಾಸ.

ಈ ಅಭ್ಯಾಸಕ್ಕೆ ಚರಿತ್ರೆಯಿದೆ. 1990ರ ದಶಕದಲ್ಲಿ, ಅದರ ನಂತರವೂ ಬಹುಕಾಲ, ಗಣಕದಲ್ಲಿ ಕನ್ನಡವೆಂದರೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟು. ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಗೀಚುಗಳೇ ಕಾಣುತ್ತಿದ್ದವು. ಹಾಗಾಗಿ ಜನ ಅಚ್ಚು ಹಾಕಿ, ಸ್ಕ್ಯಾನ್ ಮಾಡಿ, ಚಿತ್ರವಾಗಿ ಕಳಿಸುವುದನ್ನು ಕಲಿತರು. ಆಗ ಅದು ಜಾಣತನವೇ ಆಗಿತ್ತು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತಾದರೂ ಸಾಮಾನ್ಯರ ಗಣಕಕ್ಕೆ ಅದು ಇಳಿದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ಹೊತ್ತಿಗೆ. ಅದರ ಜೊತೆ ಬಂದ ಕನ್ನಡ ಫಾಂಟಿನ ಹೆಸರೇನು ಗೊತ್ತೇ? ‘ತುಂಗಾ’. ಶೃಂಗೇರಿಯ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬಹುದು. ಇಂದು ಪ್ರತಿ ಸ್ಮಾರ್ಟ್‌ಫೋನೂ ಕನ್ನಡ ಓದುತ್ತದೆ, ಬರೆಯುತ್ತದೆ. ಕಾರಣ ಹೋಗಿದೆ, ಅಭ್ಯಾಸ ಮಾತ್ರ ಉಳಿದಿದೆ.

ಒಂದು ಉದಾಹರಣೆಯನ್ನು ತೂಗಿ ನೋಡೋಣ. ಮಳೆಗಾಲದಲ್ಲಿ ಅಡಿಕೆ ತೋಟದವರಿಗೆ ಹೋಗಬೇಕಾದ ಸೂಚನೆ ಹೀಗಿದೆ ಎನ್ನಿ: ‘ಅಡಿಕೆ ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ: ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್.’ ಅಕ್ಷರವಾಗಿ ಕಳಿಸಿದರೆ ಸುಮಾರು 215 ಬೈಟ್. ಇದನ್ನೇ ಕಾಗದದ ಮೇಲೆ ಅಚ್ಚು ಹಾಕಿ ಫೋಟೋ ತೆಗೆದು, ಕುಗ್ಗಿಸಿ ಕಳಿಸಿದರೂ 200 ಕಿಲೊಬೈಟ್ ಎಂದಿಟ್ಟುಕೊಳ್ಳಿ; ಒಂಬೈನೂರು ಪಟ್ಟು. ಹಿನ್ನೆಲೆ ಸಂಗೀತ ಹಾಕಿ, ಅಕ್ಷರಗಳನ್ನು ಕುಣಿಸಿ, 5 ನಿಮಿಷದ ವೀಡಿಯೋ ಮಾಡಿದರೆ? ಸೆಕೆಂಡಿಗೆ 2 ಮೆಗಾಬಿಟ್ಟಿನಂತೆ 75 ಮೆಗಾಬೈಟ್. ಅದೇ 5 ನಿಮಿಷದ ವಿವರಣೆಯನ್ನು ಬರೀ ಧ್ವನಿಯಾಗಿ, ಸೆಕೆಂಡಿಗೆ 16 ಕಿಲೊಬಿಟ್ಟಿನಲ್ಲಿ ಕಳಿಸಿದರೆ 600 ಕಿಲೊಬೈಟ್. ಕೊಟ್ಟೆ ಕಟ್ಟುವ ಗಡಿಬಿಡಿಯಲ್ಲಿರುವವರಿಗೆ ನೋಡುವುದಕ್ಕಿಂತ ಕೇಳುವುದೇ ಸುಲಭ ಎಂಬುದೂ ಇದೆ. ಅಕ್ಷರದಲ್ಲಿರುವುದನ್ನು ಹುಡುಕಬಹುದು, ನಕಲು ಮಾಡಿಕೊಳ್ಳಬಹುದು, ಕಣ್ಣು ಕಾಣದವರಿಗೆ ಫೋನು ಗಟ್ಟಿಯಾಗಿ ಓದಿ ಹೇಳಬಲ್ಲದು. ಚಿತ್ರದಲ್ಲಿ ಇದೊಂದೂ ಸಲೀಸಲ್ಲ.

ಹಾಗೆಂದು ಚಿತ್ರವೇ ಬೇಡವೆನ್ನುವ ಹಟ ನನ್ನದಲ್ಲ. ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಅದರಲ್ಲಿ ಚಾಕುವಿನ ಅಲಗನ್ನು ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಹೇಗಿರುತ್ತದೆ ಎಂಬುದನ್ನು ನೂರು ಪದಗಳಿಗಿಂತ ಒಂದು ಪುಟ್ಟ ಚಿತ್ರ ಚೆನ್ನಾಗಿ ಹೇಳುತ್ತದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಅದಲು ಬದಲಾಗಬಾರದು. ಅದಕ್ಕೆ ಇಪ್ಪತ್ತು ಸೆಕೆಂಡಿನ ವೀಡಿಯೋ ಇರಲಿ. ಯಾವುದಕ್ಕೆ ಯಾವುದು ಎಂದು ಆರಿಸುವುದೇ ವಿನ್ಯಾಸ.

ಈಗ ಆಗಲೇ ಹೇಳಿದ ಎರಡು ಲಾಭಗಳ ವಿಷಯ. ಮೊದಲನೆಯದು, ಪುಟ ತೆರೆಯದೆ ಹೋದಾಗ ಆಗುವ ಓಡಾಟ. ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಾಳೆ ಎನ್ನಿ. ಮೂರನೆಯ ಪುಟದಲ್ಲಿ ಸಂಪರ್ಕ ಕಡಿಯಿತು. ತುಂಬಿದ್ದೆಲ್ಲ ಅಳಿಸಿಹೋಗಿ ಮತ್ತೆ ಮೊದಲಿನಿಂದ. ಎರಡು ಸಲ ಹೀಗಾದ ಮೇಲೆ ಅಪ್ಪ ಬೈಕಿನಲ್ಲಿ ಕೂರಿಸಿಕೊಂಡು 15 ಕಿಲೊಮೀಟರ್ ದೂರದ ಪೇಟೆಯ ಸೈಬರ್ ಸೆಂಟರಿಗೆ ಹೊರಡುತ್ತಾರೆ. ಹೋಗಿ ಬರುವುದಕ್ಕೆ ಲೀಟರಿಗೆ 50 ಕಿಲೊಮೀಟರಿನಂತೆ 0.6 ಲೀಟರ್ ಪೆಟ್ರೋಲು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈ ಆಕ್ಸೈಡ್, ಇಲ್ಲಿಗೆ 1.4 ಕಿಲೊ ಆಯಿತು. ಅದು ಎರಡು ಯೂನಿಟ್ ವಿದ್ಯುತ್ತಿಗೆ ಸಮ. ಎರಡು ಯೂನಿಟ್ಟಿನಲ್ಲಿ ಒಂದು ಫೋನನ್ನು ಸುಮಾರು ನೂರು ಬಾರಿ ಪೂರ್ತಿ ಚಾರ್ಜು ಮಾಡಬಹುದು! ಅಪ್ಪನ ಒಂದು ದಿನದ ಕೂಲಿ, ಮಗಳ ಒಂದು ದಿನದ ಪಾಠ ಈ ಲೆಕ್ಕಕ್ಕೆ ಸೇರಿಲ್ಲ. ತುಂಬಿದಷ್ಟನ್ನು ಫೋನಿನಲ್ಲೇ ಉಳಿಸಿಕೊಂಡು, ಸಿಗ್ನಲ್ ಬಂದಾಗ ಕಳಿಸುವಂತೆ ಅರ್ಜಿಯನ್ನು ರೂಪಿಸಿದ್ದರೆ ಈ ಪ್ರಯಾಣವೇ ಬೇಕಿರಲಿಲ್ಲ. ಹಾಗೆ ರೂಪಿಸುವುದು ಕಷ್ಟದ ಕೆಲಸವೂ ಅಲ್ಲ.

ಎರಡನೆಯದು ಇನ್ನೂ ದೊಡ್ಡದು. ಒಂದು ಸ್ಮಾರ್ಟ್‌ಫೋನು ತನ್ನ ಆಯುಷ್ಯದಲ್ಲಿ ಪರಿಸರದ ಮೇಲೆ ಹೇರುವ ಹೊರೆಯ ಹೆಚ್ಚಿನ ಪಾಲು ಅದು ನಿಮ್ಮ ಕೈಗೆ ಬರುವ ಮೊದಲೇ, ಗಣಿಯಲ್ಲಿ ಮತ್ತು ಕಾರ್ಖಾನೆಯಲ್ಲಿ ಮುಗಿದಿರುತ್ತದೆ. ಗಣಿಯೆಂದರೆ ಏನು ಎಂಬುದು ನಿಮ್ಮ ಸೀಮೆಗೆ ಗೊತ್ತು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿಗಾಗಿ ಗುಡ್ಡ ಬಗೆದ ಹೂಳು ಭದ್ರೆಯ ನೀರನ್ನು ಕೆಂಪಾಗಿಸುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಫೋನಿನೊಳಗಿನ ತಾಮ್ರ, ಕೋಬಾಲ್ಟ್, ಲಿಥಿಯಂ, ಚಿನ್ನ ಇವೂ ಹೀಗೆಯೇ ಯಾರದೋ ಗುಡ್ಡ, ಯಾರದೋ ನದಿಯ ಪಕ್ಕದಿಂದ ಬರುತ್ತವೆ. 2022ರಲ್ಲಿ ಪ್ರಪಂಚ ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಕಾಲುಭಾಗಕ್ಕೂ ಕಡಿಮೆ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿದ್ದು, ತಯಾರಕರು ಮರುಬಳಕೆಯ ಹೊಣೆ ಹೊರಬೇಕು.

ಫೋನನ್ನು ಜನ ಯಾಕೆ ಬದಲಾಯಿಸುತ್ತಾರೆ? ಒಡೆದು ಹೋದದ್ದಕ್ಕಾಗಿ ಕೆಲವರು. ‘ನಿಧಾನವಾಗಿದೆ’ ಎಂಬುದಕ್ಕಾಗಿ ಹಲವರು. ಫೋನು ನಿಧಾನವಾಗಿರುವುದಿಲ್ಲ, ಅದರ ಮೇಲೆ ಹೇರಿದ ಆ್ಯಪುಗಳು ಭಾರವಾಗಿರುತ್ತವೆ. ಆರು ವರ್ಷ ಹಳೆಯ ಫೋನಿನಲ್ಲಿ ಓಡುವಂತೆ ಆ್ಯಪನ್ನು ಕಟ್ಟಿದವನು ಒಂದು ಹೊಸ ಫೋನಿನ ಗಣಿಯನ್ನು ತಪ್ಪಿಸಿದಂತೆ. ಅಣ್ಣ ಬಳಸಿ ಬಿಟ್ಟ ಫೋನಿನಲ್ಲಿ ತಂಗಿ ಓದುವ ಮನೆಗಳಲ್ಲಿ ಇದರ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಬಾರ್ಸಿಲೋನಾದಿಂದ ನಡೆಯುವ ‘ಲೋ-ಟೆಕ್ ಮ್ಯಾಗಜೀನ್’ ಎಂಬ ಪತ್ರಿಕೆ 2018ರಲ್ಲಿ ತನ್ನ ಜಾಲತಾಣವನ್ನು ಮನೆಯ ಬಾಲ್ಕನಿಯ ಸೌರಫಲಕವೊಂದರಿಂದ ನಡೆಸತೊಡಗಿತು. ಚಿತ್ರಗಳನ್ನು ಚುಕ್ಕಿಚಿತ್ರಗಳಾಗಿಸಿ ಹಗುರ ಮಾಡಿದರು. ಮೋಡ ಮುಸುಕಿ ಬ್ಯಾಟರಿ ಮುಗಿದರೆ ತಾಣ ಮುಚ್ಚುತ್ತದೆ. ಬಿಸಿಲು ಬಂದ ಮೇಲೆ ತೆರೆಯುತ್ತದೆ. ನಮಗೆ ಇದು ತೀರಾ ವಿಚಿತ್ರವೆನಿಸಬೇಕಾಗಿಲ್ಲ. ಮಲೆನಾಡಿನ ಕೆಲವು ಮನೆಗಳಲ್ಲಿ ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿಕೊಂಡಿದ್ದಾರೆ. ಹಳ್ಳ ತುಂಬಿದಾಗ ಧಾರಾಳ, ಸೊರಗಿದಾಗ ಒಂದೆರಡು ದೀಪ.

ನಿಮ್ಮ ಕಾಲೇಜಿನ ವಿಜ್ಞಾನ ಸಂಘದಲ್ಲಿ ಒಂದು ಪ್ರಯೋಗ ಮಾಡಬಹುದು. ಈ ತಿಂಗಳು ನಿಮ್ಮ ಗುಂಪಿಗೆ ಚಿತ್ರವಾಗಿ ಬಂದ ಹತ್ತು ಸೂಚನೆಗಳನ್ನು ಆರಿಸಿ. ಪ್ರತಿಯೊಂದರ ಗಾತ್ರ ಬರೆದುಕೊಳ್ಳಿ, ಫೋನೇ ಅದನ್ನು ತೋರಿಸುತ್ತದೆ. ಅದೇ ಸೂಚನೆಯನ್ನು ಕನ್ನಡ ಅಕ್ಷರಗಳಲ್ಲಿ ಬೆರಳಚ್ಚು ಮಾಡಿ ಮತ್ತೆ ಗಾತ್ರ ನೋಡಿ. ಆಮೇಲೆ ನಿಮ್ಮಲ್ಲಿ ತೀರಾ ಒಳಗಿನ ಊರಿನಿಂದ ಬರುವವರ ಕೈಗೆ ಗುಂಪಿನಲ್ಲೇ ಹಳೆಯದಾದ ಫೋನು ಕೊಟ್ಟು, ಮನೆಯಿಂದ ಎರಡನ್ನೂ ತೆರೆಯಲು ಹೇಳಿ. ತೆರೆಯಲು ಹಿಡಿದ ಸೆಕೆಂಡುಗಳನ್ನು ಎದುರಿಗೆ ಬರೆಯಿರಿ. ಮಳೆ ಬರುವ ದಿನ ಒಮ್ಮೆ, ಬಿಸಿಲಿನ ದಿನ ಒಮ್ಮೆ. ಪಟ್ಟಿ ಸಿದ್ಧವಾದ ಮೇಲೆ ಅದರ ಒಂದು ಪ್ರತಿಯನ್ನು ಆ ಸೂಚನೆಗಳನ್ನು ತಯಾರಿಸುವ ಕಚೇರಿಗೆ ಕಳಿಸಿಕೊಡಿ. ಅಕ್ಷರದಲ್ಲೇ ಕಳಿಸಿ.