ರೋಮ್‌ನ ವರದಿಗಾರ, ಸಿಂಧನೂರಿನ ವಿಡಿಯೋ

ವೀಕ್ಷಕರೇ, 'ರೋಮನ್ ಹಾಲಿಡೇ' ನೋಡಿದ್ದೀರಾ? 1953ರ ಕಪ್ಪು-ಬಿಳುಪು ಸಿನಿಮಾ. ಕಟ್ಟುಪಾಡು ಸಾಕಾಗಿ ತಪ್ಪಿಸಿಕೊಂಡ ರಾಜಕುಮಾರಿ ಆಡ್ರೆ ಹೆಪ್‌ಬರ್ನ್, ವರದಿಗಾರ ಗ್ರೆಗರಿ ಪೆಕ್. ಇಬ್ಬರೂ ಒಂದು ದಿನ ಸ್ಕೂಟರ್ ಮೇಲೆ ರೋಮ್ ಸುತ್ತುತ್ತಾರೆ. ಅವಳ ಸುದ್ದಿ ಮಾರಿ ದುಡ್ಡು ಮಾಡೋಕೆ ಬಂದವನು ಅವನು. ಗೆಳೆಯ ಕದ್ದು ತೆಗೆದ ಫೋಟೋಗಳೂ ಇವೆ. ಎಂಥಾ ಬ್ರೇಕಿಂಗ್ ನ್ಯೂಸ್! ಆದರೆ ಆತ ಬರೆಯೋದೇ ಇಲ್ಲ. ಫೋಟೋಗಳು ಅವಳ ಕೈಗೇ ವಾಪಸ್.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ನಮಗೂ ಪ್ರೇಮಿಗಳ ಮೊಬೈಲ್ ವಿಡಿಯೋ ಬರುತ್ತವೆ. 'ಓಡಿಹೋದ ಜೋಡಿ, ಹಾಕ್ರಿ ಸರ್' ಅಂತಾರೆ. ಇದೇ ಸಿಂಧನೂರಿನಲ್ಲಿ 2020ರಲ್ಲಿ, ಪ್ರೀತಿಸಿ ಮದುವೆಯಾದ ಹುಡುಗನ ಮನೆಯವರನ್ನು ಹುಡುಗಿ ಕಡೆಯವರು ಕೊಂದುಹಾಕಿದರು. ಮುಖ ಬ್ಲರ್ ಮಾಡಿದ್ರೂ, ಅಂಗಿ ನೋಡಿಯೇ ಊರು ಗುರುತು ಹಿಡಿಯುತ್ತೆ. ಅಂಥ ವಿಡಿಯೋ ನಾನು ಹಾಕಲ್ಲ. ಟಿಆರ್‌ಪಿ ಹೋದರೆ ಹೋಗಲಿ.