ಸಾಕವ್ವನಿಂದ ಪುಟ್ಟಕ್ಕನವರೆಗೆ: ಉಮಾಶ್ರೀಯವರ ಅಭಿನಯ ಜೀವನ

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಉಮಾಶ್ರೀ ಎಂಬ ಹೆಸರು ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ಮೊದಲು ಬರುವುದು ನಗೆ. ಕಾಶೀನಾಥರ ‘ಅನುಭವ’ (1984) ಚಿತ್ರದಿಂದ ಅವರು ಕರ್ನಾಟಕದಲ್ಲೆಲ್ಲ ಮನೆಮಾತಾದರು. ಆಮೇಲೆ ಎನ್.ಎಸ್. ರಾವ್ ಮೊದಲಾದವರೊಡನೆ ಹಾಸ್ಯದ ಜೋಡಿಯಾಗಿ ಚಿತ್ರದಿಂದ ಚಿತ್ರಕ್ಕೆ ಕಾಣಿಸಿಕೊಂಡರು. ಆ ಪಾತ್ರಗಳ ಮಾತುಗಳಿಗೆ ಎಷ್ಟೋ ಸಲ ಎರಡು ಅರ್ಥಗಳಿರುತ್ತಿದ್ದವು. ಮಡಿವಂತರು ಮುಖ ಸಿಂಡರಿಸಿದರು, ನಗುವವರು ನಕ್ಕರು. ‘ಹಾಸ್ಯನಟಿ’ ಎಂಬ ಹಣೆಪಟ್ಟಿ ಮಾತ್ರ ಭದ್ರವಾಗಿ ಅಂಟಿಕೊಂಡಿತು.

ತಾಯ್ನಾಡಿನಿಂದ ದೂರವಿರುವ ನಮಗೆ ಇಲ್ಲಿ ಒಂದು ವಿಶೇಷ ತೊಂದರೆಯಿದೆ. ಸಿನಿಮಾ ಸಮುದ್ರ ದಾಟಿ ಬರುತ್ತದೆ. ಹಿಂದೆ ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು, ಈಗ ಬೇರೆ ದಾರಿಗಳಲ್ಲಿ ಬರುತ್ತದೆ. ನಾಟಕ ಹಾಗೆ ಬರುವುದಿಲ್ಲ. ಅದು ಆಡಿದ ರಾತ್ರಿಯೇ ಮುಗಿದು, ನೋಡಿದವರ ನೆನಪಿನಲ್ಲಷ್ಟೇ ಉಳಿಯುತ್ತದೆ. ಆದ್ದರಿಂದ ಈ ಕಲಾವಿದೆಯ ಬಗೆಗಿನ ನಮ್ಮ ತಿಳಿವಳಿಕೆ ಅರ್ಧದ್ದು. ಉಳಿದರ್ಧವನ್ನು ತಮ್ಮ ಮುಂದಿಡುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಉಮಾಶ್ರೀಯವರು 1957ರಲ್ಲಿ ತುಮಕೂರು ಜಿಲ್ಲೆಯಲ್ಲಿ ಜನಿಸಿದರು. ಅವರ ಪ್ರತಿಭೆಯನ್ನು ಮೊದಲು ಗುರುತಿಸಿದ್ದು ರಂಗಭೂಮಿ. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ ಸಾಕವ್ವನ ಪಾತ್ರ ಅವರ ಪಾಲಿಗೆ ಬಂದಿತು. ಸಾಕವ್ವ ದಲಿತ ಕುಟುಂಬವೊಂದರ ಹಿರಿಯಜ್ಜಿ. ಕಳೆದುಹೋದ ತನ್ನ ಹುಂಜವನ್ನು ಅರಸುವುದು ಅವಳ ಕಥೆ. ಹಸಿದ ಆ ಮನೆಯಲ್ಲಿ ಇರುಳು ಎಲ್ಲರೂ ಸುತ್ತ ಕುಳಿತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಹುಡುಗಿಯೊಬ್ಬಳು ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ನಡುವೆ ಸಾಕವ್ವ ಗೊಣಗುತ್ತಾಳೆ, ಶಪಿಸುತ್ತಾಳೆ, ಎಲ್ಲರನ್ನೂ ಹಿಡಿದು ನಿಲ್ಲಿಸುತ್ತಾಳೆ.

ಯೌವನದಲ್ಲಿದ್ದ ನಟಿ ಈ ಮುದುಕಿಯಾಗಬೇಕಿತ್ತು. ತುಮಕೂರು ಸೀಮೆಯವರ ನಾಲಗೆಗೆ ನಂಜನಗೂಡು ಸೀಮೆಯ ನುಡಿ ಒಗ್ಗಬೇಕಿತ್ತು. ರಂಗದ ಮೇಲೆ ಮುಖವನ್ನು ಹತ್ತಿರಕ್ಕೆ ತಂದು ತೋರಿಸುವ ಕ್ಯಾಮರಾ ಇಲ್ಲ, ತಪ್ಪಿದರೆ ಇನ್ನೊಮ್ಮೆ ತೆಗೆಯುವ ಅವಕಾಶವೂ ಇಲ್ಲ. ಬೆನ್ನಿನ ಬಾಗು, ಕಾಲಿನ ಎಳೆತ, ಕೊನೆಯ ಸಾಲಿಗೂ ಮುಟ್ಟುವ ದನಿ, ಇಷ್ಟರಿಂದಲೇ ಮುಪ್ಪನ್ನು ಕಟ್ಟಬೇಕು. ಉಮಾಶ್ರೀಯವರು ಅದನ್ನು ಕಟ್ಟಿದ ಬಗೆ ಆಧುನಿಕ ಕನ್ನಡ ರಂಗಭೂಮಿಯ ಸ್ಮರಣೀಯ ಸಾಧನೆಗಳಲ್ಲೊಂದಾಗಿ ನಿಂತಿದೆ.

ಆಗ ಚಿತ್ರರಂಗಕ್ಕೆ ಬೇಕಾದದ್ದು ಅವರ ಹಾಸ್ಯ. ಹಾಸ್ಯವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಮಾತನ್ನು ಸರಿಯಾದ ಕ್ಷಣಕ್ಕೆ ಎಸೆಯುವ ಕಲೆ ಅಭಿನಯದಲ್ಲಿ ಬಹು ಕಷ್ಟದ್ದು. ಆದರೆ ಸಾಕವ್ವನಾಗಬಲ್ಲ ನಟಿಯಿಂದ ನಗೆಯನ್ನಷ್ಟೇ ಬೇಡಿದ್ದು ಉದ್ಯಮದ ಬಡತನ. ಅಷ್ಟಕ್ಕೇ ತೃಪ್ತರಾದ ಪ್ರೇಕ್ಷಕರಾದ ನಮ್ಮ ಪಾಲೂ ಅದರಲ್ಲಿ ಇಲ್ಲದಿಲ್ಲ.

ಈ ಬಡತನ ನೀಗಿದ್ದು ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಚಿತ್ರದಲ್ಲಿ. ವೈದೇಹಿಯವರ ಕಥೆಯನ್ನು ಆಧರಿಸಿದ ಈ ಚಿತ್ರದ ಗುಲಾಬಿ ಕರಾವಳಿಯ ಮೀನುಗಾರರ ನಡುವೆ ಬಾಳುವ ಮುಸ್ಲಿಂ ಸೂಲಗಿತ್ತಿ. ಗಂಡ ಬಿಟ್ಟುಹೋಗಿದ್ದಾನೆ, ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಬಣ್ಣದ ಟಿ.ವಿ. ಬರುತ್ತದೆ. ಅದುವರೆಗೆ ದೂರವಿದ್ದ ಹೆಂಗಸರು ಅವಳ ಗುಡಿಸಲಿಗೆ ಬಂದು ಕೂರುತ್ತಾರೆ. ಕಾರ್ಗಿಲ್ ಯುದ್ಧದ ದಿನಗಳಲ್ಲಿ ಊರಿನ ಮನಸ್ಸು ಒಡೆದಾಗ ಆ ಒಡನಾಟವೂ ಒಡೆಯುತ್ತದೆ. ಈ ಪಾತ್ರಕ್ಕಾಗಿ ಉಮಾಶ್ರೀಯವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ದೊರೆಯಿತು. ಬಳಿಕ ಕಾಸರವಳ್ಳಿಯವರದೇ ‘ಕನಸೆಂಬೋ ಕುದುರೆಯನೇರಿ’ (2010) ಚಿತ್ರದಲ್ಲಿ ವೈಜನಾಥ ಬಿರಾದಾರರೊಡನೆ ನಟಿಸಿದರು. ಬಿರಾದಾರರೂ ಹಾಸ್ಯನಟರೆಂದೇ ಹೆಸರಾದವರು ಎಂಬುದನ್ನು ಗಮನಿಸಬೇಕು.

ನಡುವೆ ಅವರು ಸಾರ್ವಜನಿಕ ಜೀವನಕ್ಕೂ ಬಂದರು. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾಗಿ, 2018ರವರೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವೆಯಾಗಿದ್ದರು.

ಅಧಿಕಾರದ ಬಳಿಕ ಅವರು ಮತ್ತೆ ಬಣ್ಣಕ್ಕೆ ಮರಳಿದರು. 2021ರ ಡಿಸೆಂಬರಿನಲ್ಲಿ ಜೀ ಕನ್ನಡ ವಾಹಿನಿಯಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಆರಂಭವಾಯಿತು. ಗಂಡು ಮಗು ಹೆರಲಿಲ್ಲವೆಂದು ಗಂಡ ತೊರೆದ ಪುಟ್ಟಕ್ಕ, ಊಟದ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಾಳೆ. ಧಾರಾವಾಹಿಗಳಲ್ಲಿ ಅಳು ಅಗ್ಗವಾಗುವುದು ನಮಗೆಲ್ಲ ಗೊತ್ತು. ಪುಟ್ಟಕ್ಕನ ಅಳುವಿನಲ್ಲಿ ಮಾತ್ರ ದುಡಿದು ದಣಿದ ಹೆಂಗಸಿನ ಬಿಗಿಯಿದೆ. ಗುಲಾಬಿಯ ಗುಡಿಸಲಿಗೆ ಟಿ.ವಿ. ಬಂದಂತೆ, ಟಿ.ವಿ.ಯ ಮೂಲಕ ಉಮಾಶ್ರೀಯವರು ನಮ್ಮ ಮನೆಗಳಿಗೆ ಬಂದರು. ಈ ಸಲ ನಗಿಸುವುದೊಂದೇ ಅವರ ಕೆಲಸವಾಗಿರಲಿಲ್ಲ.

ಇದರ ಜೊತೆಗೆ ನಾಟಕವನ್ನೂ ಅವರು ಬಿಡಲಿಲ್ಲ. ಬೇಲೂರು ರಘುನಂದನರು ಬರೆದು ಚಿದಂಬರರಾವ್ ಜಂಬೆಯವರು ನಿರ್ದೇಶಿಸಿದ ‘ಶರ್ಮಿಷ್ಠೆ’ಯಲ್ಲಿ ಅವರು ಒಬ್ಬರೇ ರಂಗವನ್ನು ತುಂಬಿದರು. ಯೌವನದಲ್ಲಿ ಅಜ್ಜಿಯಾದವರು, ಅರವತ್ತು ದಾಟಿದ ಮೇಲೆ ಯಯಾತಿಯ ಕಾಲದ ರಾಜಕುವರಿಯಾದರು. ರಂಗಭೂಮಿ ನಟಿಯ ವಯಸ್ಸನ್ನು ಕೇಳುವುದಿಲ್ಲ, ಶಕ್ತಿಯನ್ನು ಕೇಳುತ್ತದೆ.

ಬಂಧುಗಳೆ, ಕಲಾವಿದರನ್ನು ಒಂದು ಹಣೆಪಟ್ಟಿಯಿಂದ ಅಳೆದರೆ ನಷ್ಟ ನಮ್ಮದೇ. ಮುಂದಿನ ಸಲ ಊರಿಗೆ ಹೋದಾಗ ಬಂಧುಬಳಗ, ಅಂಗಡಿ ಬೀದಿಗಳ ನಡುವೆ ಒಂದು ಸಂಜೆಯನ್ನು ನಾಟಕಕ್ಕೆ ಮೀಸಲಿಡಿ, ಮಕ್ಕಳನ್ನೂ ಕರೆದೊಯ್ಯಿರಿ. ಸಮುದ್ರ ದಾಟಿ ಬಾರದ ಕಲೆಯನ್ನು ನಾವೇ ದಾಟಿಹೋಗಿ ನೋಡಬೇಕು.