ಹಳೆಯ ಪಿಕಪ್ ಗಾಡಿಯನ್ನು ಮನೆಯಲ್ಲೇ ದುರಸ್ತು ಮಾಡಿಕೊಳ್ಳುವ ಬಗೆ
(ರೈತರ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತನಾಡಬೇಕೆಂದು ಹಿರಿಯರು ಅಪ್ಪಣೆ ಮಾಡಿರುವುದು ಬೀಜ ಗೊಬ್ಬರಗಳ ವಿಷಯವಲ್ಲ. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ನಿಮ್ಮಲ್ಲೇ ಅನೇಕರಿದ್ದಾರೆ. ನನಗೆ ಒಪ್ಪಿಸಿರುವುದು ಹಳೆಯ ಪಿಕಪ್ ಗಾಡಿಯ ವಿಷಯ. ನಾನು ಮೆಕ್ಯಾನಿಕ್ ಅಲ್ಲ, ಟೊಮೇಟೊ ಬೆಳೆಯುವವನು. ಕೋಲಾರದ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ಮಾಲು ಮುಟ್ಟಿಸಬೇಕೆಂಬ ಗರಜಿನಿಂದ ಹಳೆಯ ಗಾಡಿಯೊಂದನ್ನು ಕೊಂಡು, ಅದನ್ನು ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿಕೊಂಡು, ತಪ್ಪು ಮಾಡುತ್ತ ಕಲಿತವನು. ಆ ತಪ್ಪುಗಳಲ್ಲಿ ಒಂದು ಬಹಳ ದುಬಾರಿಯಾಯಿತು. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ನಮ್ಮ ಕಡೆಯ ಹಳೆಯ ಪಿಕಪ್‌ಗಳಲ್ಲಿ ಬಹುಪಾಲು ಜೀಪಿನ ವಂಶದವು. ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ವಿಲ್ಲಿಸ್ ಜೀಪನ್ನು 1940ರ ದಶಕದ ಕೊನೆಗೆ ಮಹೀಂದ್ರ ಕಂಪೆನಿಯವರು ಮುಂಬಯಿಯಲ್ಲಿ ಜೋಡಿಸಲಾರಂಭಿಸಿದರು. ಟಾಟಾದವರ ಪಿಕಪ್ 1988ರಲ್ಲಿ ಬಂದಿತು. ಈ ಹಳೆಯ ಗಾಡಿಗಳಲ್ಲಿ ಒಂದು ಗುಣವುಂಟು. ಕೆಳಗೆ ಏಣಿಯ ಆಕಾರದ ಉಕ್ಕಿನ ಚಾಸಿ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿ, ಹಿಂದೆ ಎತ್ತಿನ ಬಂಡಿಯಷ್ಟೇ ಸರಳವಾದ ಕಮಾನು ಪಟ್ಟಿಗಳು. ಕಂಪ್ಯೂಟರಿನ ಹಂಗಿಲ್ಲ. ಒಂದು ಸೆಟ್ ಸ್ಪ್ಯಾನರು, ಒಳ್ಳೆಯ ಜಾಕಿ ಮತ್ತು ತಾಳ್ಮೆ ಇದ್ದವನು ಇದರ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಹಳೆಯ ಗಾಡಿ ಮನೆಗೆ ಬಂದೊಡನೆ ನಾವು ಮೊದಲು ಮಾಡುವ ಕೆಲಸ ಯಾವುದು? ಬಣ್ಣ ಹೊಡೆಸುವುದು. ನಾನೂ ಅದನ್ನೇ ಮಾಡಿದೆ. ನೀಲಿ ಬಣ್ಣ, ಹಣೆಯ ಮೇಲೆ ದೇವರ ಹೆಸರು, ಹಿಂದೆ ಎರಡು ಗಿಳಿ. ಇಂಜಿನ್ ಚೆನ್ನಾಗಿ ಓಡುತ್ತಿತ್ತು. ಬ್ರೇಕಿನ ಡಬ್ಬಿಯಲ್ಲಿ ಎಣ್ಣೆ ಮಾತ್ರ ವಾರಕ್ಕೊಮ್ಮೆ ಇಳಿಯುತ್ತಿತ್ತು. ಎಲ್ಲಿ ಸೋರುತ್ತಿದೆಯೆಂದು ಹುಡುಕುವ ಬದಲು, ಮನೆಯಲ್ಲಿದ್ದ ಟ್ರಾಕ್ಟರಿನ ಹೈಡ್ರಾಲಿಕ್ ಎಣ್ಣೆಯನ್ನೇ ಸುರಿದು ತುಂಬಿಸುತ್ತಿದ್ದೆ. ಎಣ್ಣೆ ಎಣ್ಣೆಯೇ ಅಲ್ಲವೇ ಎಂಬುದು ನನ್ನ ಎಣಿಕೆ.

ಒಂದು ಬೆಳಗಿನ ಜಾವ 15 ಕಿಲೋ ತೂಕದ 60 ಬಾಕ್ಸು ಹೇರಿಕೊಂಡು ಹೊರಟೆ. ಪಕ್ಕದಲ್ಲಿ ಅಣ್ಣನ ಮಗ ಕುಳಿತಿದ್ದ, ಹದಿನಾಲ್ಕು ವರ್ಷದವನು. ಕೆರೆಯ ಏರಿ ಇಳಿಯುವಾಗ ಪೆಡಲು ತುಳಿದರೆ ಅದು ನೆಲಕ್ಕೆ ಹೋಗಿ ಕುಳಿತುಬಿಟ್ಟಿತು. ಕೈಬ್ರೇಕು ಎಳೆದೆ. ಅದರ ತಂತಿ ಎಂದೋ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಗೇರು ಇಳಿಸಿ ಗಾಡಿಯನ್ನು ಜಾಲಿ ಗಿಡಗಳ ಕಡೆಗೆ ತಿರುಗಿಸಿದೆ. ಗಾಡಿ ನಿಂತಿತು, ಮಾಲು ಕೆರೆಯ ಪಾಲಾಯಿತು. ಹುಡುಗನ ಬಲಗೈ ಮುರಿಯಿತು. ಕೈ ಕೂಡಿಕೊಂಡಿದೆ. ಆದರೆ ಅವನು ಇಂದಿಗೂ ನಾನು ಓಡಿಸುವ ಗಾಡಿಯನ್ನು ಹತ್ತುವುದಿಲ್ಲ, ಬಸ್ಸಿಗೆ ಕಾಯುತ್ತಾನೆ. ಅತ್ತಿಗೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಆದುದರಿಂದ ನಾನು ಬ್ರೇಕಿನಿಂದಲೇ ಮೊದಲು ಮಾಡುತ್ತೇನೆ. ಬ್ರೇಕಿನ ಎಣ್ಣೆ ನೆಲದಿಂದ ತೆಗೆದ ಎಣ್ಣೆಯಲ್ಲ. ಅದು ಗ್ಲೈಕಾಲ್ ಎಂಬ ಬೇರೆಯೇ ಜಾತಿಯ ದ್ರವ. ಬ್ರೇಕಿನೊಳಗಿನ ರಬ್ಬರು ಬಟ್ಟಲುಗಳು ಆ ದ್ರವಕ್ಕೆಂದೇ ಮಾಡಿದವು. ಇಂಜಿನ್ ಎಣ್ಣೆ, ಹೈಡ್ರಾಲಿಕ್ ಎಣ್ಣೆ, ಡೀಸೆಲು, ಸೀಮೆಎಣ್ಣೆ ಇವುಗಳಲ್ಲಿ ಯಾವುದು ತಗುಲಿದರೂ ರಬ್ಬರು ನೆನೆದ ಅವರೆಕಾಳಿನಂತೆ ಊದಿ ಮೆತ್ತಗಾಗಿ ಹರಿಯುತ್ತದೆ. ನನ್ನ ಗಾಡಿಯಲ್ಲಿ ಆದದ್ದು ಅದೇ. ಒಮ್ಮೆ ಅಂಥ ಎಣ್ಣೆ ಸೇರಿದ ಮೇಲೆ ಬರಿದೆ ಎಣ್ಣೆ ಬದಲಿಸಿದರೆ ಸಾಲದು. ರಬ್ಬರುಗಳೆಲ್ಲವನ್ನೂ, ರಬ್ಬರಿನ ಹೋಸುಗಳನ್ನೂ ತೆಗೆದುಹಾಕಿ ಹೊಸದನ್ನು ಕೂರಿಸಬೇಕು.

ಈ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವೂ ಉಂಟು. ಡಾಟ್ 3 ಎಂಬ ದರ್ಜೆಯ ಹೊಸ ದ್ರವವು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದೇ ದ್ರವ ತೇವ ಕುಡಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಹೇರು ತುಂಬಿಕೊಂಡು ಘಾಟಿ ಇಳಿಯುವಾಗ ಚಕ್ರದ ಬಳಿ ಕಾವು ಏರಿ ದ್ರವ ಕುದಿದರೆ ಕೊಳವೆಯಲ್ಲಿ ಆವಿ ತುಂಬುವುದು. ಆವಿಯನ್ನು ಎಷ್ಟು ತುಳಿದರೂ ಅದು ಕುಗ್ಗುವುದೇ ಹೊರತು ಬ್ರೇಕನ್ನು ಒತ್ತುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸಿರಿ. ಮುಚ್ಚಳ ತೆರೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯದನ್ನು ಹಾಕಬೇಡಿ. ಇದು ಬಣ್ಣದ ಮೇಲೆ ಬಿದ್ದರೆ ಬಣ್ಣ ಸುಲಿದು ಬರುತ್ತದೆಂಬುದನ್ನೂ ನೆನಪಿಡಿ. ನನ್ನ ಗಿಳಿಗಳಲ್ಲಿ ಒಂದು ಹಾಗೆಯೇ ಹಾರಿಹೋಯಿತು.

ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲು ತುಳಿದು ಹಿಡಿದಿರಬೇಕು. ಇನ್ನೊಬ್ಬರು ಚಕ್ರದ ಹಿಂದಿರುವ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಬ್ರೇಕ್ ದ್ರವವಿರುವ ಸೀಸೆಯಲ್ಲಿ ಮುಳುಗಿಸಿ ನಿಪ್ಪಲ್ಲನ್ನು ಸಡಿಲಿಸಬೇಕು. ಗುಳ್ಳೆ ಬರುತ್ತದೆ. ನಿಪ್ಪಲ್ಲನ್ನು ಬಿಗಿ ಮಾಡಿದ ಮೇಲೆಯೇ ಪೆಡಲಿನಿಂದ ಕಾಲು ತೆಗೆಯಬೇಕು. ಇಲ್ಲದಿದ್ದರೆ ಹೋದ ಗಾಳಿ ಮರಳಿ ಬರುತ್ತದೆ. ಡಬ್ಬಿಯಿಂದ ಅತಿ ದೂರದ ಚಕ್ರದಲ್ಲಿ ಆರಂಭಿಸಿರಿ. ನಮ್ಮ ಜೀಪು ಜಾತಿಯ ಗಾಡಿಗಳಲ್ಲಿ ಅದು ಹಿಂದಿನ ಎಡಚಕ್ರ. ನಡುವೆ ಡಬ್ಬಿ ಬರಿದಾಗಲು ಬಿಡಬಾರದು. ಎಲ್ಲ ಮುಗಿದ ಮೇಲೆ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರಿಕೆಯುಂಟು, ಗಾಡಿ ಹೊರಡಬಾರದು. ಡ್ರಮ್ಮು ಬಿಚ್ಚಿದಾಗ ಅಲ್ಲಿನ ಧೂಳನ್ನು ಊದಬೇಡಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಗಾಡಿಯನ್ನು ಉತ್ತಮಪಡಿಸುವುದೆಂದರೆ ದೊಡ್ಡ ಹಾರನ್ನು, ಬಣ್ಣದ ದೀಪ ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ಸುಧಾರಣೆಯೂ ಬ್ರೇಕಿನದೇ. ಬಹಳ ಹಳೆಯ ಗಾಡಿಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ದಾರಿಯಲ್ಲಿ ದ್ರವ ಹೋಗುತ್ತದೆ. ಒಂದು ಕಡೆ ಹರಿದರೆ ನಾಲ್ಕೂ ಹೋದಂತೆ. ಅದೇ ಕಂಪೆನಿಯ ನಂತರದ ಗಾಡಿಗಳ ಜೋಡಿ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ದಾರಿಗಳಿರುವುದರಿಂದ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಅದರೊಡನೆ ಬರುವ ಬೂಸ್ಟರು ಕಾಲಿನ ಬಲಕ್ಕೆ ಬಲ ಸೇರಿಸುತ್ತದೆ. ಇದನ್ನು ಅನುಭವಸ್ಥ ಮೆಕ್ಯಾನಿಕರಿಂದಲೇ ಹಾಕಿಸಿರಿ. ಇಂಥ ಡೀಸೆಲ್ ಇಂಜಿನ್ನಿನಲ್ಲಿ ಬೂಸ್ಟರಿಗೆ ಬೇಕಾದ ನಿರ್ವಾತ ತಾನಾಗಿ ಹುಟ್ಟುವುದಿಲ್ಲ. ಅನೇಕ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೆ ಕೂರಿಸಿದ ಸಣ್ಣ ಪಂಪು ಅದನ್ನು ಒದಗಿಸುತ್ತದೆ. ಇಂಜಿನ್ ನಿಂತರೆ ಪಂಪೂ ನಿಲ್ಲುವುದು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಬಿಡುವ ಅಭ್ಯಾಸವುಳ್ಳವರು ಈ ಮಾತನ್ನು ಗಮನಿಸಬೇಕು. ಎರಡು ಮೂರು ತುಳಿತಕ್ಕೆ ಬೂಸ್ಟರಿನ ಸಂಗ್ರಹ ಮುಗಿದು, ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ.

ಇನ್ನು ಚಾಸಿ. ಗಾಡಿಯನ್ನು ತೊಳೆದು, ಒಣಗಿಸಿ, ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಿರಿ. ಒಳ್ಳೆಯ ಉಕ್ಕು ಖಣಿಲೆನ್ನುತ್ತದೆ, ತುಕ್ಕು ತಿಂದದ್ದು ಬೋದು ಶಬ್ದ ಕೊಡುತ್ತದೆ. ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ನೋಡುವುದಿಲ್ಲವೇ, ಹಾಗೆ. ಕಮಾನು ಪಟ್ಟಿಯ ಕೊಂಡಿಗಳ ಬಳಿ, ಬಾಡಿ ಕೂರುವ ಜಾಗಗಳಲ್ಲಿ, ಬ್ಯಾಟರಿಯ ಕೆಳಗೆ ವಿಶೇಷವಾಗಿ ನೋಡಬೇಕು. ನಮ್ಮ ಗಾಡಿಗಳಿಗೆ ಇನ್ನೊಂದು ಶತ್ರುವಿದೆ: ನಾವು ಹೇರುವ ಯೂರಿಯ, ಪೊಟ್ಯಾಷ್, ಕೋಳಿಗೊಬ್ಬರ. ಅವುಗಳ ಉಪ್ಪು ಸಂದುಗಳಲ್ಲಿ ಕುಳಿತು ತೇವ ಹಿಡಿದಿಟ್ಟು ಉಕ್ಕನ್ನು ತಿನ್ನುತ್ತದೆ. ಗೊಬ್ಬರ ಇಳಿಸಿದ ದಿನವೇ ತೊಟ್ಟಿಯನ್ನೂ ತಳವನ್ನೂ ತೊಳೆಯಿರಿ. ತೊಟ್ಟಿಯ ನೀರಿಳಿಯುವ ರಂಧ್ರಗಳು ಕಟ್ಟಿಕೊಂಡಿದ್ದರೆ ಬಿಡಿಸಿರಿ. ಚಾಸಿಯಲ್ಲಿ ಬಿರುಕು ಕಂಡರೆ ಬೀದಿಬದಿಯ ವೆಲ್ಡಿಂಗ್ ಬೇಡ. ಅದು ಬಲ್ಲವರ ಕೆಲಸ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಮತ್ತು ಆಲ್ಟರ್ನೇಟರಿನ ತಂತಿಗಳನ್ನು ಕಳಚಿರಿ.

ಕೆಳಗೆ ನುಗ್ಗುವ ಮುನ್ನ ಒಂದು ಮಾತು. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು, ಒಂದು ನಿಮಿಷಕ್ಕೂ ಸಹ. ಉಕ್ಕಿನ ಸ್ಟ್ಯಾಂಡು ಅಥವಾ ಅಡ್ಡಡ್ಡ ಪೇರಿಸಿದ ಗಟ್ಟಿ ಮರದ ದಿಮ್ಮಿ ಕೊಡಬೇಕು. ಟೊಳ್ಳು ಸಿಮೆಂಟು ಇಟ್ಟಿಗೆ ಇದ್ದಕ್ಕಿದ್ದಂತೆ ಪುಡಿಯಾಗುತ್ತದೆ.

ಇಂಜಿನ್ನಿನ ವಿಷಯದಲ್ಲಿ ಹೊಗೆಯೇ ಅರ್ಧ ರೋಗ ಹೇಳುತ್ತದೆ. ಕರಿ ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲು ಹೆಚ್ಚು. ಮೊದಲು ಗಾಳಿಯ ಫಿಲ್ಟರು ನೋಡಿರಿ. ನೀಲಿ ಹೊಗೆ ಇಂಜಿನ್ ಎಣ್ಣೆ ಉರಿಯುತ್ತಿರುವುದರ ಗುರುತು. ಕಾವೇರಿದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲು ಸರಿಯಾಗಿ ಉರಿಯುತ್ತಿಲ್ಲ ಅಥವಾ ನೀರು ಒಳಸೇರುತ್ತಿದೆ. ಫಿಲ್ಟರು ಬದಲಿಸುವುದು, ಡೀಸೆಲ್ ದಾರಿಯ ಗಾಳಿ ತೆಗೆಯುವುದು, ಎಣ್ಣೆ ಬದಲಿಸುವುದು ಮನೆಯ ಕೆಲಸ. ಪಂಪು ಮತ್ತು ನಾಜಲ್ಲುಗಳು ಪಂಪಿನ ಅಂಗಡಿಯ ಕೆಲಸ. ನಾಜಲ್ಲಿನಿಂದ ಚಿಮ್ಮುವ ಡೀಸೆಲಿಗೆ ಕೈ ಒಡ್ಡಿದರೆ ಅದು ಚರ್ಮ ತೂರಿ ಮಾಂಸಕ್ಕಿಳಿಯುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗಾಡಿ ಕಾಯುತ್ತದೆಂದು ನಮ್ಮ ಕಡೆ ಥರ್ಮೋಸ್ಟಾಟನ್ನೇ ಕಿತ್ತೆಸೆಯುತ್ತಾರೆ. ಅದು ಸರಿಯಲ್ಲ. ಅದಿಲ್ಲದಿದ್ದರೆ ಇಂಜಿನ್ ಬೇಗ ಹದಕ್ಕೆ ಬಾರದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ನಿಜವಾದ ದೋಷ ನಮ್ಮ ಕೊಳವೆಬಾವಿಯ ಗಡಸು ನೀರಿನದು. ಒಲೆಯ ಮೇಲಿನ ಹಂಡೆಯಲ್ಲಿ ಕಟ್ಟುವ ಬಿಳಿ ಗಸಿಯೇ ರೇಡಿಯೇಟರಿನೊಳಗೂ ಕಟ್ಟುತ್ತದೆ. ರೇಡಿಯೇಟರನ್ನು ಒಮ್ಮೆ ಶುದ್ಧಿ ಮಾಡಿಸಿ, ಕೂಲೆಂಟನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಬೆರೆಸಿ ತುಂಬಿರಿ. ಕಾದ ಇಂಜಿನ್ನಿನ ಮುಚ್ಚಳ ತೆರೆಯಬೇಡಿ.

ವಿದ್ಯುತ್ತಿನ ತಂತಿಗಳನ್ನು ಇಲಿ ಕಡಿಯುವುದು ನಮ್ಮೆಲ್ಲರ ಪಾಡು. ಅಲ್ಲಲ್ಲಿ ಗಂಟು ಹಾಕಿ ಟೇಪು ಸುತ್ತಿದ ತಂತಿ ಬೆಂಕಿಗೆ ಮೂಲ. ಪೂರ್ತಿ ಹೊಸ ತಂತಿ ಎಳೆಸಿ, ಬ್ಯಾಟರಿಯ ಹತ್ತಿರವೇ ಫ್ಯೂಸು ಕೊಡಿಸಿ, ಮುಂದೀಪಕ್ಕೆ ರಿಲೇ ಹಾಕಿಸಿದರೆ ಹಳೆಯ ದೀಪವೇ ಹೊಸದರಂತೆ ಬೆಳಗುತ್ತದೆ. ಹಳೆಯ ಬಟ್ಟಲಿಗೆ ಎಲ್‌ಇಡಿ ಬಲ್ಬು ತುರುಕಬೇಡಿ. ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುವುದು, ನಿಮಗೂ ದಾರಿ ಕಾಣದು. ಟೈರು ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿರಿ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹೆಚ್ಚು ಹೇರಬಹುದೆಂದು ಕಮಾನಿಗೆ ಇನ್ನೆರಡು ಪಟ್ಟಿ ಸೇರಿಸುವವರಿದ್ದಾರೆ. ಪಟ್ಟಿ ಹೆಚ್ಚಿತು, ಆದರೆ ಅಚ್ಚು ಹಳೆಯದು, ಬ್ರೇಕು ಹಳೆಯದು.

ಕಾನೂನಿನ ಮಾತು ಎರಡೇ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಕ್ಕೂ ತಯಾರಕರು ಮೊದಲು ಕೊಟ್ಟ ವಿವರಕ್ಕೂ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಇಂಜಿನ್ ಬದಲಿಸುವುದಿದ್ದರೆ ಮೊದಲು ಆರ್.ಟಿ.ಓ. ಕಚೇರಿಯ ಅನುಮತಿ ಪಡೆಯಿರಿ. ಬ್ರೇಕಿನ ಮಾರ್ಪಾಟನ್ನೂ ಅಲ್ಲಿ ಕೇಳಿಯೇ ಮಾಡಿಸಿರಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಹಿಂದಿನ ತೊಟ್ಟಿಯಲ್ಲಿ ಕೂಲಿಯವರನ್ನು ತುಂಬಿಕೊಂಡು ಹೋಗುವುದು ಸಲ್ಲದು. ಅಪಘಾತವಾದರೆ ಆ ಹೊಣೆ ನಿಮ್ಮ ಹೊಲದವರೆಗೂ ಬರಬಹುದು.

ಬಣ್ಣ? ಎಲ್ಲ ಮುಗಿದ ಮೇಲೆ. ತಂತಿಯ ಬ್ರಷ್ಷಿನಿಂದ ತುಕ್ಕು ತಿಕ್ಕಿ ತೆಗೆದು ರೆಡ್ ಆಕ್ಸೈಡ್ ಹಚ್ಚಿರಿ. ಅದರ ಮೇಲೆ ಬಣ್ಣ ಹಚ್ಚದೆ ಹಾಗೆಯೇ ಬಿಟ್ಟರೆ ಅದು ತೇವವನ್ನು ತಡೆಯುವುದಿಲ್ಲ. ಗಿಳಿ ಬರೆಸುವುದು ನಿಮ್ಮ ಇಷ್ಟ.

ಬರುವ ಭಾನುವಾರ ಬೆಳಿಗ್ಗೆ ನಮ್ಮ ಕೊಟ್ಟಿಗೆಯ ಬಳಿ ಗಾಡಿಯ ಹಿಂದಿನ ಎರಡು ಚಕ್ರಗಳನ್ನು ಬಿಚ್ಚಿ ಬ್ರೇಕ್ ರಬ್ಬರುಗಳನ್ನು ಬದಲಿಸುವವನಿದ್ದೇನೆ. ನೋಡಬೇಕೆನ್ನುವವರು ಹಳೆಯ ಬಟ್ಟೆ ತೊಟ್ಟು ಬರಬಹುದು. ಪೆಡಲು ತುಳಿಯಲು ಒಬ್ಬರು ಬೇಕೆಂದು ಅಣ್ಣನ ಮಗನಿಗೂ ಹೇಳಿ ಕಳುಹಿಸಿದ್ದೇನೆ. ಬರುತ್ತೇನೆಂದೂ ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ.